ಅಕ್ಕನ ಕಾಲಿಗೆ ಸಿಗದ ನೆಲ

ನಮ್ಮ ಮನಿಯ ಬಡಗಣ ಗ್ವಾಡಿ ಕುಸಿಯಾಕತ್ತೈತಿ ಅನ್ನೂದನ್ನ ಮೊದಲು ಕಂಡುಹಿಡದಾಕಿ ಕಣ್ಣಿಲ್ಲದ ನಮ್ಮ ಅಕ್ಕ. ಕಣ್ಣಿದ್ದ ನಾವೆಲ್ಲಾ ದಿನಾ ಅದೇ ಗ್ವಾಡಿಗೆ ಬೆನ್ನು ಹಚ್ಚಿ ಕುಂತು ಉಣತಿದ್ವಿ, ಒಬ್ಬರಿಗೂ ತಿಳೀಲಿಲ್ಲ. ಒಂದಿನ ಅಕ್ಕ ಗ್ವಾಡಿ ಮ್ಯಾಲ ಕೈ ಆಡಿಸಿ, "ಅಪ್ಪಾ, ಇಲ್ಲಿಂದ ಗಾಳಿ ಬರಾಕತ್ತೈತಿ ನೋಡು" ಅಂದ್ಳು. ಅಪ್ಪ ಬಗ್ಗಿ ನೋಡಿದ. ಜೋಳದ ದಂಟು ತೂರಿಸುವಷ್ಟು ಸೀಳು, ನೆಲದಿಂದ ದೀಪದ ಮಾಡದ ತನಕಾ ಹೋಗಿತ್ತು.

ನಮ್ಮೂರು ಅಕ್ಕಿಆಲೂರಿನ ಮಗ್ಗಲಕ್ಕ. ಸುತ್ತೂಕಡಿ ಭತ್ತದ ಗದ್ದಿ, ಮನಿ ಹಿಂದ ಕೆರಿ ಕಾಲವಿ. ಆ ಕಾಲವಿ ನೀರು ನಮ್ಮ ಅಜ್ಜನ ಕಾಲದಿಂದ ಪಾಯಾದ ಮಣ್ಣು ತಿನಕೋತ ಬಂದಿತ್ತು. ಗ್ವಾಡಿ ಜೋಡಿ ನೆಲಾನೂ ಇಳದಿತ್ತು. ಪಡಸಾಲಿಯಾಗ ಎರಡನೇ ಕಂಬದ ಬುಡಕ್ಕ ಒಂದು ತಗ್ಗು, ಅಡಿಗಿಮನಿ ಬಾಗಲದಾಗ ಒಂದು ಉಬ್ಬು, ಅಲ್ಲಿಂದ ಬಚ್ಚಲದ ಕಡೆ ಇಳಿಜಾರು. ಉಳ್ಳಾಗಡ್ಡಿ ಕೈ ಜಾರಿ ಬಿದ್ದರ ಹುಡುಕೂದೇ ಬ್ಯಾಡ, ಬಚ್ಚಲಕ್ಕ ಹೋದರ ಅಲ್ಲಿ ಕುಂತಿರತಿತ್ತು. ನೆಲ ಅನ್ನಾಕ ನಾಚಿಕಿ ಆಗೂವಂಥ ನೆಲ.

ಅಕ್ಕನ ಎರಡೂ ಕಣ್ಣು ತೊಟ್ಟಿಲದಾಗ ಇದ್ದಾಗನ ಸಿಡುಬಿನೊಳಗ ಹೋಗಿದ್ದುವು. ಆದರ ಮನಿಯೊಳಗ ಅಕಿ ನಡಿಯೂದು ನೋಡಿದ ಹೊಸಬರು ಕುರುಡಿ ಅಂತ ನಂಬತಿರಲಿಲ್ಲ. ಟೊಂಕದ ಮ್ಯಾಲ ತುಂಬಿದ ಕೊಡ, ಇನ್ನೊಂದು ಕೈಯಾಗ ಮಜ್ಜಿಗಿ ಗಡಗಿ, ತಲಿ ಎತ್ತಿಕೊಂಡು ಸರಸರ ನಡೀತಿದ್ಳು. ಹೊತ್ತು ಹೊಂಟ ಕೂಡಲೇ ನಾವು ಗದ್ದಿಗೆ ಹೋದರ ಮನಿ ಪೂರಾ ಅಕಿದ. ಅಕಿ ಬೀಸತಿದ್ಳು, ಕುಟ್ಟತಿದ್ಳು, ರೊಟ್ಟಿ ಬಡೀತಿದ್ಳು. ಕಣ್ಣಿದ್ದ ನಾನು ಏನರೆ ಒಡದರ, "ಎರಡ ಕಣ್ಣು ನಿನಗ ಯಾತಕ್ಕ ಇಟ್ಟಾನ ಶಿವ, ಕಾಡಿಗಿ ಹಚ್ಚಾಕೇನು?" ಅಂತಿದ್ಳು. ಅಕಿಯನ್ನ ಲಗ್ನ ಆಗವರು ಯಾರೂ ಬರಲಿಲ್ಲ, ಬರತಾರ ಅಂತ ಅಕಿ ಕಾಯಲೂ ಇಲ್ಲ. ಒಂದ ಮಾತು ಮಾತ್ರ ಆಗಾಗ ಅಂತಿದ್ಳು: "ಈ ಮನಿಯಾಗ ನಾ ಪುಗಸಟ್ಟೆ ಉಣ್ಣಾಕತ್ತಿಲ್ಲ. ದುಡದು ಉಣ್ಣಾಕತ್ತೇನಿ." ಪುಗಸಟ್ಟೆ ಉಣ್ಣಾಕತ್ತೀ ಅಂತ ಯಾರೂ ಅಕಿಗೆ ಅಂದಿದ್ದಿಲ್ಲ. ಆದರೂ ಅಕಿಗೆ ಅದನ್ನ ಅನ್ನಬೇಕು. ಅದೊಂದರ ಮ್ಯಾಲ ಅಕಿ ಜೀವ ನಿಂತಿತ್ತು.

ಅಪ್ಪಗ ಒಂದ ಚಿಂತಿ. ನಾವು ಗದ್ದಿಯೊಳಗ ಇದ್ದಾಗ ಗ್ವಾಡಿ ಬಿದ್ದರ ಮಗಳ ಗತಿ ಏನು? ಸವಣೂರಿಗೆ ಹೋಗಿ ಒಬ್ಬ ಗೌಂಡಿಯನ್ನ ಕರಕೊಂಡು ಬಂದ. ವಯಸ್ಸಾದ ಮುಸಲರ ಮನಿಷಾ, ಅಲ್ಲಿಯ ದೊಡ್ಡ ದೊಡ್ಡ ವಾಡೆಗಳಿಗೆ ಸುಣ್ಣದ ಗಚ್ಚು ಹಾಕಿದಂವ. ತನ್ನ ಕೆಲಸದ ಮ್ಯಾಲ ಅಂವಗ ಭಾಳ ಡೌಲು. ಹಾರಿ ತಗೊಂಡು ಗ್ವಾಡಿ ಬುಡ ಕೆದರಿ ನೋಡಿ, "ಯಜಮಾನ್ರ, ಗ್ವಾಡಿ ಗಟ್ಟಿ ಐತ್ರಿ. ಪಾಯಾ ಖರಾಬ ಆಗೈತಿ. ಕೆಳಗಿಂದ ಕಲ್ಲು ಕೊಟ್ಟು ಎತ್ತಿ ಹಿಡಿಯೂಣು" ಅಂದ.

"ಪಾಯಾ ಅಷ್ಟ ಅಲ್ಲ, ನೆಲಾನೂ ಸಪಾಟ ಮಾಡ್ರಿ" ಅಂದ ಅಪ್ಪ. "ನನ್ನ ಮಗಳು ಎಲ್ಲೂ ಎಡವಬಾರದು."

"ಒಂದ ಹನಿ ನೀರ ಬಿಟ್ಟರ ಅದು ಬಿದ್ದಲ್ಲೇ ನಿಂದರಬೇಕು, ಹಂಗ ಮಾಡಿ ಕೊಡತೇನಿ. ಇಲ್ಲಂದ್ರ ನನ್ನ ಹೆಸರ ಹೇಳಬ್ಯಾಡ್ರಿ" ಅಂದ ಗೌಂಡಿ.

ಪೂರಾ ಕೆಲಸ ಅಂವಗ ಗುತ್ತಿಗಿ ಕೊಟ್ಟಾತು. ನಾವು ಹಿತ್ತಲದಾಗ ಚಪ್ಪರ ಹಾಕ್ಕೊಂಡು ಇದ್ವಿ. ಗ್ವಾಡಿಗೆ ತೊಲಿ ಆನಿಸಿ, ಬುಡದಾಗ ಒಂದೊಂದ ಮೊಳ ಅಗದು, ಹಳಿ ಮಣ್ಣು ತಗದು, ಕಲ್ಲು ಗಾರಿ ತುಂಬಿ ಮುಂದಕ್ಕ ಸರೀತಿದ್ರು. ನಮ್ಮ ಎತ್ತು ಸುಣ್ಣದ ಗಾಣ ತಿರುಗಿಸಿದುವು. ಎಲ್ಲಾರಕಿಂತ ಖುಷಿ ಆದಾಕಿ ಅಕ್ಕ. "ನಮ್ಮ ಮನಿಗೂ ವಾಡೇದ ಗಚ್ಚು ಬಂತವಾ" ಅಂತ ಬಂದವರಿಗೆಲ್ಲಾ ಹೇಳಿದ್ದೇ ಹೇಳಿದ್ದು. ನೆಲಕ್ಕ ಗಚ್ಚು ಹಾಸಿ, ಬೆಲ್ಲದ ನೀರು ಚಿಮುಕಿಸಿ, ಹೆಂಗಸರು ಸಾಲಾಗಿ ಕುಂತು ಕಟಗಿ ಹಲಗಿಲೇ ಬಡಿಯೂ ಮುಂದ, ಅಕ್ಕಾನೂ ಒಂದು ಹಲಗಿ ಇಸಗೊಂಡು ಕುಂತಳು. ಬಡದು ಬಡದು ಅಕಿ ಅಂಗೈಯಾಗ ಗುಳ್ಳಿ ಎದ್ದುವು. ಆ ನೆಲಾನ ಸಪಾಟ ಮಾಡಿದವರೊಳಗ ಅಕೀನೂ ಒಬ್ಬಾಕಿ.

ನೆಲ ಆರಿದ ಮ್ಯಾಲ ಗೌಂಡಿ ನಮ್ಮನ್ನೆಲ್ಲಾ ಕರದು, ಪಡಸಾಲಿ ನಡುವ ಒಂದು ಹನಿ ನೀರು ಬಿಟ್ಟ. ಹನಿ ಬಿದ್ದಲ್ಲೇ ನಿಂತಿತು. ಅಕ್ಕ ಬೆರಳಲೇ ಅದನ್ನ ಮುಟ್ಟಿ ನೋಡಿ ನಕ್ಕಳು. ದನದ ಅಂಕಣ ಒಂದು ಉಳೀತು. ನಮ್ಮ ಕಡೆ ತಲಿಬಾಗಲದ ಒಳಗ ಕಾಲಿಟ್ಟರ ಒಂದು ಮಗ್ಗಲಕ್ಕ ದನಾ ಕಟ್ಟೂ ಅಂಕಣ ಇರತೈತಲ್ಲ, ಅದು. ಸುಣ್ಣಾ ಮುಗದಿತ್ತು, ಮಳಿ ಹಿಡಕೊಂಡಿತ್ತು. ದೀಪಾವಳಿ ಆದ ಮ್ಯಾಲ ಬಂದು ಹಾಸಗಲ್ಲು ಹಾಕತೇನಿ ಅಂತ ಹೇಳಿ ಗೌಂಡಿ ಹೋದ.

ಮರುದಿನ ಮುಂಜಾನೆ ಅವ್ವ ಒಲಿ ಮುಂದ ಇದ್ಳು. ಅಕ್ಕ ಕೊಡ ಹೊತ್ತುಕೊಂಡು ಎಂದಿನಂಗ ಸರಸರ ಬಂದ್ಳು, ಬಂದು ಕಂಬಕ್ಕ ಬಡಕೊಂಡ್ಳು, ಕೊಡದ ನೀರು ಮೈಮ್ಯಾಲ ಚೆಲ್ಲಿತು. ನಕ್ಕಳು. ಹಿಂದ ಸರದು ತಿರುಗಿ, ನಾಕ ಹೆಜ್ಜಿ ಇಟ್ಟು, ನಿಂತಬಿಟ್ಟಳು.

"ಅವ್ವಾ, ನಾ ಎಲ್ಲಿದ್ದೇನಿ?"

"ಎಲ್ಲಿ ಅಂದ್ರ? ಪಡಸಾಲಿಯಾಗ ಇದ್ದೀಯಲ್ಲ."

"ಪಡಸಾಲಿಯಾಗ ಎಲ್ಲಿ?"

ಅಕ್ಕ ಹುಟ್ಟಿ ಬೆಳದ ಮನಿಯ ನಟ್ಟನಡುವ, ಒದ್ದಿ ಸೀರಿಯೊಳಗ, ಸಂತ್ಯಾಗ ತಪ್ಪಿಸಿಕೊಂಡ ಕೂಸಿನಂಗ ನಿಂತಿದ್ಳು. ಅಕಿ ಕಾಲಿಗೆ ಆ ತಗ್ಗು, ಆ ಉಬ್ಬು, ಆ ಇಳಿಜಾರು ದಾರಿ ಹೇಳತಿದ್ದುವು. ಎರಡನೇ ಕಂಬದ ತಗ್ಗಿಗೆ ಕಾಲು ಇಳೀತಂದ್ರ ಬಲಕ್ಕ ಹೊಳ್ಳೂದು, ಉಬ್ಬು ಹತ್ತಿತಂದ್ರ ಕೊಡ ಇಳಸೂದು. ಇದು ನಮಗ ಗೊತ್ತಿರಲಿಲ್ಲ. ನಮಗ ಬಿಡು, ಅಕಿಗೇ ಗೊತ್ತಿರಲಿಲ್ಲ. ನಾ ಹೆಂಗ ನಡೀತೇನಿ ಅಂತ ಯಾರರೆ ವಿಚಾರ ಮಾಡಿ ನಡೀತಾರೇನು?

ರೂಢಿ ಆಗತೈತಿ ಅಂತ ಅವ್ವ ಅಂದ್ಳು. ಆಗಲಿಲ್ಲ. ಅಕ್ಕ ಗ್ವಾಡಿ ಹಿಡಕೊಂಡು ನಡಿಯೂದು ಕಲತಳು. ಕೈ ಗ್ವಾಡಿಗೆ ಹೋದ ಮ್ಯಾಲ ಕೆಲಸಕ್ಕ ಕೈ ಎಲ್ಲಿಂದ ಬರಬೇಕು? ಕೊಡ ಹಿಡದರ ಗ್ವಾಡಿ ಇಲ್ಲ, ಗ್ವಾಡಿ ಹಿಡದರ ಕೊಡ ಇಲ್ಲ. ಮೊಸರಿನ ಗಡಗಿ ಒಡೀತು. ಕುದಿಯೂ ಅಂಬಲಿ ಕಾಲಮ್ಯಾಲ ಚೆಲ್ಲಿತು. ಅಪ್ಪ ಒಲಿಯಿಂದ ಬಚ್ಚಲತನಕಾ ಹಗ್ಗ ಕಟ್ಟಿದ. "ಹಗ್ಗ ದನಕ್ಕ ಕಟ್ಟತಾರಪಾ" ಅಂದ್ಳು ಅಕ್ಕ. ಉಳಿ ತಗೊಂಡು ಗಚ್ಚಿನೊಳಗ ಗೀರು ಹೊಡದು ಕೊಟ್ಟ. ಅದರ ಮ್ಯಾಲೂ ನಡದು ನೋಡಿದಳು. ಒಮ್ಮೆ ಕಾಲು ಗೀರು ಬಿಡ್ತಂದ್ರ ಮುಗೀತು, ಮತ್ತ ನಡುವ ನಿಂದರತಿದ್ಳು. ಅವ್ವ ಅಕಿ ಕೈಯಾಗಿನ ಕೆಲಸ ಒಂದೊಂದಾಗಿ ತಾ ತಗೊಂಡ್ಳು. ಬೈದು ಅಲ್ಲ, ಪ್ರೀತಿಲೇ. "ನೀ ಕುಂದರ ನನ್ನವ್ವಾ, ನಾ ಮಾಡತೇನಿ." ಆ ಪ್ರೀತಿ ಮಾತು ಕೇಳಿದಾಗೊಮ್ಮೆ ಅಕ್ಕನ ಮಾರಿ ಸಣ್ಣಗ ಆಗತಿತ್ತು. ಪುಗಸಟ್ಟೆ ಉಣ್ಣಂಗಿಲ್ಲ ಅನ್ನೂ ಮಾತು ಬಾಯಿಯಾಗ ಬರೂದು ನಿಂತಿತು. ಒಂದ ರೊಟ್ಟಿ ತಿಂದು ಸಾಕು ಅಂದು ಏಳತಿದ್ಳು.

ಒಂದಿನ ನಾವು ಏಳೂದರೊಳಗ ಹಾಸಿಗಿಯೊಳಗ ಅಕ್ಕ ಇದ್ದಿಲ್ಲ. ಹಿತ್ತಲ, ಬಾವಿ ಎಲ್ಲಾ ನೋಡಿದ್ವಿ. ನನ್ನ ಜೀವಾನ ಹೋಗಿತ್ತು. ಕಡೀಕ ದನದ ಅಂಕಣದಾಗ ಸಿಕ್ಕಳು. ಸೀರಿ ಎತ್ತಿ ಕಟ್ಟಿ, ಎರಡೂ ಕೈಲೇ ಸಗಣಿ ಬುಟ್ಟಿ ಹಿಡದು, ದನಾ ಮೇಯೂ ಗ್ವಾದಲಿಯಿಂದ ಬಾಗಲಕ್ಕ ಸರಸರ ನಡದಿದ್ಳು. ಆ ನೆಲದ ತಗ್ಗುತೆವರು ಹಂಗ ಇದ್ದುವಲ್ಲ! ಆವತ್ತ ಸಂಜಿಗೆ ಕೌದಿ ತಂದು ಅಲ್ಲಿಯ ಮೇವಿನ ಕಟ್ಟಿ ಮ್ಯಾಲ ಹಾಸಿಕೊಂಡ್ಳು. ಬೀಸೂಕಲ್ಲೂ ಅಲ್ಲಿಗೇ ತರಿಸಿಕೊಂಡ್ಳು.

"ಊರ ಮಂದಿ ನನ್ನ ಮಾರಿಗೆ ಉಗುಳತಾರ" ಅಂದ ಅಪ್ಪ. ಮಂದಿ ಅಂದೇ ಅಂದ್ರು. ತಮಗ ಗಚ್ಚು, ಕುರುಡ ಮಗಳಿಗೆ ಸಗಣಿ ಅಂತ ಬಾವಿ ಕಟ್ಟಿ ಮ್ಯಾಲ ಒಬ್ಬಾಕಿ ಅಂದಾಗ ನಾನು ಅಕಿ ಕೊಡ ಬಾವಿಯೊಳಗ ಒಗದು ಬಂದೆ. ಅದಕ್ಕ ನನಗ ಇವತ್ತಿಗೂ ಕೆಡಕು ಅನಿಸಿಲ್ಲ.

ದೀಪಾವಳಿ ಮುಗದ ಮ್ಯಾಲ ಗೌಂಡಿ ಹೇಳಿದಂಗ ಬಂದ. ಚಕ್ಕಡಿ ತುಂಬ ಹಾಸಗಲ್ಲು, ಕೈಯಾಗ ನೆಲದ ಮಟ್ಟಾ ನೋಡೂ ರಸಮಟ್ಟ. ಅಕ್ಕ ಅಂಕಣದ ಹೊಸ್ತಿಲದಾಗ ನಿಂತಳು.

"ಸಾಬ್ರ, ಇದೊಂದು ಬಿಡ್ರಿ."

"ಯಾಕಬೇ ತಂಗಿ? ನನ್ನ ಕೆಲಸದಾಗ ತಪ್ಪೇನಾತು? ಹನಿ ನೀರ ನಿಂದರಸಿ ತೋರಿಸಿದ್ದೆ."

"ತಪ್ಪೇನಿಲ್ರಿ. ನೀರು ನಿಂತೈತಿ. ಅದರ ಜೋಡಿ ನಾನೂ ನಿಂತಬಿಟ್ಟೇನಿ."

ಅಂವಗ ತಿಳೀಲಿಲ್ಲ. ಅಪ್ಪನ ಮಾರಿ ನೋಡಿದ. ಅಪ್ಪ ಎಲ್ಲಾ ಹೇಳೂದರೊಳಗ ಅತ್ತಬಿಟ್ಟ. ನಮ್ಮ ಅಪ್ಪ ಅತ್ತಿದ್ದು ನಾ ಅದ ಮೊದಲು ನೋಡಿದ್ದು. ಗೌಂಡಿ ರಸಮಟ್ಟ ತಿರುಗಿ ಚಕ್ಕಡಿಯೊಳಗ ಇಟ್ಟ. ಆಮ್ಯಾಲ ಆ ಅಂಕಣದ ಗ್ವಾಡಿಗೆ ಹೊರಗಿನಿಂದ ಪಾಯಾ ಕಟ್ಟಿ ಕೊಟ್ಟ. ಒಳಗ ಕಾಲಿಡಲಿಲ್ಲ. ಹಾಸಗಲ್ಲು ಹೇರಿಕೊಂಡು ಸವಣೂರಿಗೆ ಹೋದ.

ಪಡಸಾಲಿಗೆ ಬಾ ಅಂತ ಅವ್ವ ಕರೀದ ಹಬ್ಬ ಇಲ್ಲ. "ಇಲ್ಲೇ ಕೊಡು, ಇಲ್ಲೇ ಉಣತೇನಿ" ಅಂತಿದ್ಳು ಅಕ್ಕ. ಯುದ್ಧದ ಕಾಲದಾಗ, ಅಂಗಡಿಯೊಳಗ ಚಿಮಣಿ ಎಣ್ಣಿ ಸಿಗದ ವರ್ಷ, ನಮ್ಮೂರಿಗೆ ಚಳಿಜ್ವರ ಬಂತು, ಅಕ್ಕಗೂ ಹತ್ತಿತು. ಜ್ವರದಾಗೂ ಮೇವಿನ ಕಟ್ಟಿ ಬಿಟ್ಟು ಬರಲಿಲ್ಲ. ಅಲ್ಲೇ ಹೋದಳು. ಹೋಗೂ ಹಿಂದಿನ ದಿನಾನೂ ಎಮ್ಮಿಗೆ ನೀರು ಇಟ್ಟಿದ್ಳು.

ನಮ್ಮಲ್ಲಿ ಸತ್ತವರನ್ನ ಮಲಗಸೂದಿಲ್ಲ. ಪಡಸಾಲಿ ಗ್ವಾಡಿಗೆ ಆನಿಸಿ ಕುಂದರಸತಾರ. ಮೈ ತೊಳದು, ವಿಭೂತಿ ಹಚ್ಚಿ, ಗಂಡಸರು ಅಕ್ಕನ್ನ ಎತ್ತಿಕೊಂಡು ದನದ ಅಂಕಣದಿಂದ ಮ್ಯಾಲ ತಂದ್ರು. ನೆಲ ಸಪಾಟ ಆಗಿ ಅಕಿ ಬಿಟ್ಟು ಹೋದ ಪಡಸಾಲಿಗೆ ಮತ್ತ ಬಂದದ್ದು ಅವತ್ತ. ಬಾಗಲ ದಾಟೂ ಮುಂದ ಅಕಿ ಬಲಗೈ ಜೋತುಬಿದ್ದು, ಆ ಬಡಗಣ ಗ್ವಾಡಿ ಸವರಿತು. ಅವ್ವ ಓಡಿ ಬಂದು ಆ ಕೈ ಹಿಡಕೊಂಡ್ಳು.

"ಗ್ವಾಡಿ ಹುಡುಕಬ್ಯಾಡ ನನ್ನವ್ವಾ. ಹಿಡದಾರ ನಿನ್ನ" ಅಂದ್ಳು.

ಕುಂದರಸೂತನಕಾ ಅವ್ವ ಆ ಕೈ ಬಿಡಲಿಲ್ಲ.