ಸೋಮವಾರದ ನಾಲ್ಕು ನಿಮಿಷ

ಬೆಳಗಿನ ಐದು ಗಂಟೆ. ಮೂರನೇ ಮಹಡಿಯ ಅಡುಗೆಮನೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಐವತ್ತೆರಡರ ಹೆಂಗಸು ಒಂದು ಕಣ್ಣು ಒಲೆಯ ಮೇಲಿನ ಹಾಲಿನ ಮೇಲೆ, ಇನ್ನೊಂದು ಕಣ್ಣು ಊಟದ ಮೇಜಿನ ಮೇಲಿನ ಹಳೇ ಲ್ಯಾಪ್‌ಟಾಪಿನ ಮೇಲೆ ಇಟ್ಟು ಕೂತಿದ್ದಾರೆ. ನಿನ್ನೆಯಿಂದ ನೂರ ಹದಿನಾರು ಇಮೇಲ್ ಬಂದು ಬಿದ್ದಿವೆ. "ಅಯ್ಯೋ, ಇವರಿಗೆಲ್ಲ ನಿದ್ದೆನೇ ಬರಲ್ವಾ?" ಎಂದು ಗೊಣಗುತ್ತಾರೆ. ಅವರು ಕಾಯುತ್ತಿರುವ ಪತ್ರ ಮಾತ್ರ ಅದರಲ್ಲಿ ಇಲ್ಲ. ಅಷ್ಟರಲ್ಲಿ ಹಾಲು ಉಕ್ಕುತ್ತದೆ.

ಬಲ್ಲವರು ಇವರನ್ನು ಕರೆಯುವುದು ಪಾತ್ರೆ ಅಕ್ಕ ಎಂದು. ಕಂಪ್ಯೂಟರಿಗೆ ತಂತಿಯಲ್ಲಿ ಹರಿದು ಬರುವ ಒಂದೊಂದು ತುಣುಕು ಮಾಹಿತಿಯನ್ನೂ ಇಳಿಸಿಕೊಳ್ಳಲು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಂದಿಷ್ಟು ಮೆಮೊರಿ ತೆಗೆದಿಡುತ್ತದೆ. ಅದಕ್ಕೆ ಬಫರ್ ಎಂದು ಹೆಸರು, ಅಕ್ಕನ ಬಾಯಲ್ಲಿ ಪಾತ್ರೆ. "ಬಳಸಿದ್ಮೇಲೆ ತೊಳೆದು ಕಪಾಟಿಗೆ ವಾಪಸ್ ಇಡ್ಬೇಕು, ಅಷ್ಟೇ ನೋಡಿ. ಇಬ್ರು ಹಿಡ್ಕೊಂಡಿದ್ರೆ ಕೊನೆಗೆ ಬಿಟ್ಟೋರು ಇಡ್ಬೇಕು. ಮರೆತ್ರೆ ಕಪಾಟು ಖಾಲಿ ಆಗ್ತಾ ಹೋಗುತ್ತೆ. ಇಬ್ರೂ ಇಡೋಕೆ ಹೋದ್ರೆ ಇನ್ನೂ ಅನಾಹುತ, ಅಷ್ಟೊತ್ತಿಗೆ ಅದ್ರಲ್ಲಿ ಬೇರೆಯವರ ಊಟ ಇರುತ್ತೆ!"

ಒಂದು ದೊಡ್ಡ ಯಂತ್ರದಲ್ಲಿ ಸೆಕೆಂಡಿಗೆ ಹತ್ತು ಲಕ್ಷ ಪಾತ್ರೆಗಳು ಹೀಗೆ ಹೋಗಿ ಬರುತ್ತವೆ. ಅವನ್ನು ನಡೆಸುವ ಕೋಡು ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದದ್ದು. ಹನ್ನೆರಡು ವರ್ಷದಿಂದ ಅದರ ಕಾವಲು ಅಕ್ಕನದು, ಅದೂ ಬಿಟ್ಟಿಯಾಗಿ. ಒಂಬತ್ತರಿಂದ ಐದರವರೆಗೆ ನೀರು ಸರಬರಾಜು ಕಚೇರಿಯ ಕೆಲಸ, ಉಳಿದ ಹೊತ್ತೆಲ್ಲ ಇದು. ಬೇರೆಯವರು ಕಳಿಸುವ ಕೋಡಿನ ತಿದ್ದುಪಡಿಗಳನ್ನು ದಿನಕ್ಕೆ ಮೂವತ್ತು ಓದುತ್ತಾರೆ, ಇಪ್ಪತ್ತಾರನ್ನು ವಾಪಸ್ ಕಳಿಸುತ್ತಾರೆ, ಬೈಸಿಕೊಳ್ಳುತ್ತಾರೆ. ಕತ್ತು ನೋವಿಗೆ ಪಟ್ಟಿ ಕಟ್ಟಿಕೊಂಡಿದ್ದಾರೆ. ಬಸ್ ಡ್ರೈವರ್ ಗಂಡ ಡ್ಯೂಟಿಗೆ ಹೊರಡುತ್ತಾ ಹೇಳುತ್ತಾರೆ: "ನಂದೂ ಇದೇ ಪಾಡು. ಬಸ್ಸು ಸರಿಯಾಗಿ ಹೋದ್ರೆ ಡ್ರೈವರ್ ಮುಖ ಯಾರು ನೋಡ್ತಾರೆ ಹೇಳಿ?"

ಮೂರು ತಿಂಗಳ ಹಿಂದೆ ಆಂಬುಲೆನ್ಸ್ ಕರೆ ಕೇಂದ್ರವೊಂದರ ತಂತ್ರಜ್ಞನಿಂದ ಪತ್ರ ಬಂತು. ಅಲ್ಲಿ ಫೋನು ಕರೆಗಳನ್ನು ಒಯ್ಯುವ ಯಂತ್ರದಲ್ಲಿ ಪಾತ್ರೆಗಳು ಸೋರಿ, ಹತ್ತೊಂಬತ್ತನೇ ದಿನದೊಳಗೆ ಯಂತ್ರ ನಿಂತೇ ಹೋಗುತ್ತಿತ್ತು. ಅದಕ್ಕೇ ಪ್ರತಿ ಸೋಮವಾರ ಬೆಳಿಗ್ಗೆ ಆರಕ್ಕೆ ಆತ ಅದನ್ನು ಆರಿಸಿ ಮತ್ತೆ ಹಚ್ಚುತ್ತಿದ್ದ. "ನಾಲ್ಕು ನಿಮಿಷ ಯಾವ ಕರೆನೂ ಬರಲ್ಲ ಮೇಡಂ. ಅಷ್ಟು ಹೊತ್ತು ಯಾರಿಗೂ ಎದೆನೋವು ಬರದೆ ಇರ್ಲಿ ಅಂತ ಕೂತಿರ್ತೀನಿ" ಎಂದು ಬರೆದಿದ್ದ. ಅಂದಿನಿಂದ ಸೋಮವಾರ ಆರು ಗಂಟೆಗೆ ಅಕ್ಕನೂ ಗಡಿಯಾರ ನೋಡುತ್ತಾ ಕೂರುತ್ತಿದ್ದರು.

ಅಕ್ಕನ ಅನುಮಾನ ಹೋದದ್ದು ಆ ಯಂತ್ರದ ನೆಟ್‌ವರ್ಕ್ ಕಾರ್ಡಿಗೆ ಕೋಡು ಬರೆದ ಎಂಜಿನಿಯರ್ ಮೇಲೆ. ಬಳಗದವರೆಲ್ಲರೂ ಓದುವ ಇಮೇಲ್ ಚರ್ಚಾಪಟ್ಟಿಯಲ್ಲೇ ಅವನನ್ನು ಝಾಡಿಸಿಬಿಟ್ಟರು: "ಪಾತ್ರೆ ತಗೊಳ್ಳೋಕೆ ಬರುತ್ತೆ, ವಾಪಸ್ ಇಡೋಕೆ ಬರಲ್ವಾ?" ಪಾಪ, ಆತ ಮೂರು ಸಲ ಹುಡುಕಿ, ನನ್ನ ಕಡೆ ಏನೂ ಸಿಗಲಿಲ್ಲ ಎಂದ. ಅಕ್ಕ ನಂಬಲಿಲ್ಲ. ಕೊನೆಗೆ ಕರೆ ಕೇಂದ್ರದಲ್ಲಿ ಕಾರ್ಡನ್ನೇ ಬದಲಿಸಿ ನೋಡಿದರು, ಸೋರಿಕೆ ನಿಲ್ಲಲಿಲ್ಲ. ಆಮೇಲೆ ಅಕ್ಕ ಹಳೆಯ ತಿದ್ದುಪಡಿಗಳನ್ನು ಒಂದೊಂದಾಗಿ ಹಿಂದಕ್ಕೆ ಓದುತ್ತಾ ಹೋದರು.

ನಲವತ್ಮೂರನೇ ದಿನ ಸಿಕ್ಕಿತು. ಎಂಟು ವರ್ಷದ ಹಿಂದೆ, ಕೆಲಸ ಚುರುಕಾಗಲಿ ಎಂದು ಒಂದು ತಪಾಸಣೆಯನ್ನು ಎರಡು ಸಾಲು ಮೇಲಕ್ಕೆ ಸರಿಸಲಾಗಿತ್ತು. ಕರೆ ನಡುವೆಯೇ ಕಡಿದು ಹೋದರೆ ಕೋಡು ಅಲ್ಲಿಂದಲೇ ಹೊರಗೆ ಹೋಗುತ್ತದೆ, ಪಾತ್ರೆ ವಾಪಸ್ ಇಡುವುದು ಬಿಟ್ಟೇ ಹೋಗುತ್ತದೆ. ಸರಿಸಿದವರ ಹೆಸರು ಕೆಳಗೆ ಇತ್ತು. ಅಕ್ಕನದೇ. "ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಎರಡು ದಿನ ಊಟ ಸೇರ್ಲಿಲ್ಲ" ಎನ್ನುತ್ತಾರೆ, ತಲೆ ಎತ್ತದೆ.

ಸರಿಪಡಿಸಲು ಬೇಕಾದದ್ದು ಒಂದೇ ಸಾಲು. ಆದರೆ ಯಾವ ಹಳೆಯ ತಿದ್ದುಪಡಿ ಕೆಡಿಸಿತ್ತು ಎಂದು ಅದರ ಕೆಳಗೆ ಬರೆಯುವುದು ಇವರ ಬಳಗದ ಪದ್ಧತಿ. ಬರೆಯದಿದ್ದರೂ ಯಾರೂ ಕೇಳುತ್ತಿರಲಿಲ್ಲ, ಕೇಳಬೇಕಾದವರು ಇವರೇ ತಾನೇ! ಅಕ್ಕ ಬರೆದರು. ಎಂಜಿನಿಯರನ ಹೆಸರು ಹಿಡಿದು ಇನ್ನೊಂದು ಮಾತೂ ಸೇರಿಸಿದರು: "ತಪ್ಪು ನನ್ನದು. ಎಲ್ಲರ ಎದುರು ಬೈದಿದ್ದೆ, ಎಲ್ಲರ ಎದುರೇ ಕ್ಷಮೆ ಕೇಳ್ತೀನಿ."

ಆ ಸಾಲು ಕರೆ ಕೇಂದ್ರದ ಯಂತ್ರಕ್ಕೆ ಸೇರಿ ಇವತ್ತಿಗೆ ಇಪ್ಪತ್ತು ದಿನ. ಎರಡು ಸೋಮವಾರ ತಂತ್ರಜ್ಞ ಅದನ್ನು ಮುಟ್ಟಿಲ್ಲ, ಪಕ್ಕದಲ್ಲೇ ಕಾವಲು ಕೂತಿದ್ದಾನೆ. ಇಷ್ಟು ದಿನ ಅದು ಹಿಂದೆಂದೂ ನಿಲ್ಲದೆ ನಡೆದಿಲ್ಲ. ಇವತ್ತು ಮೂರನೇ ಸೋಮವಾರ. ಆರು ಹೊಡೆಯುತ್ತದೆ. ಅಕ್ಕ ಇಮೇಲ್ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಾರೆ, ಬೈದುಕೊಳ್ಳುತ್ತಾರೆ, ಎದ್ದು ಒಲೆ ಒರೆಸುತ್ತಾರೆ.

ಆರೂವರೆಗೆ ಪತ್ರ ಬರುತ್ತದೆ. ಅಕ್ಕ ಜೋರಾಗಿ ಓದುತ್ತಾರೆ: "ಯಂತ್ರ ನಡೀತಿದೆ ಮೇಡಂ. ಆರು ಗಂಟೆ ಎರಡು ನಿಮಿಷಕ್ಕೆ ಒಂದು ಕರೆ ಬಂತು. ಅಪ್ಪ ಬಚ್ಚಲಲ್ಲಿ ಬಿದ್ದಿದ್ದಾರೆ ಅಂತ ಮಗಳು ಅಳ್ತಿದ್ಲು. ಎರಡನೇ ರಿಂಗಿಗೆ ಎತ್ತಿದ್ವಿ. ಗಾಡಿ ಹೋಗಿದೆ."

ಓದಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಕಣ್ಣು ತುಂಬಿಕೊಂಡಿದೆ. ಕಚೇರಿಗೆ ಹೊರಡುವ ಹೊತ್ತಾಗುತ್ತಾ ಬಂದಿದೆ, ಇನ್ನೂ ನೂರು ಪತ್ರ ಬಾಕಿ. ಇಷ್ಟೆಲ್ಲ ಮಾಡಿದ್ದೀರಲ್ಲ, ನಿಮಗೇನು ಆಸೆ ಎಂದು ಕೇಳಿದರೆ, ಲ್ಯಾಪ್‌ಟಾಪ್ ಮುಚ್ಚುತ್ತಾ ಹೇಳುತ್ತಾರೆ:

"ಒಂದು ಸೋಮವಾರ ಏಳು ಗಂಟೆವರೆಗೆ ನಿದ್ದೆ ಮಾಡ್ಬೇಕು. ನಾನು ಏಳೋ ಹೊತ್ತಿಗೆ ಎಲ್ಲ ತಾನಾಗೇ ನಡೀತಿರ್ಬೇಕು."