ಬಿಳಿ ತಟ್ಟೆ, ನೀಲಿ ತಟ್ಟೆ

ಅನ್ಸೆಲ್ಮೊ ಕಂಪ್ಯೂಟರಿಗೆ ಕಣ್ಣು ಕೊಡುವ ಪ್ರೊಫೆಸರ್. ಅವನ ಕನ್ನಡಕ ಹುಡುಕಿಕೊಡುವುದು ಹೆಂಡತಿ ಜಂದೀರಾಳ ಕೆಲಸ. ಇಪ್ಪತ್ತೇಳು ವರ್ಷ ಹುಡುಕಿದಳು. ಹೆಚ್ಚಿನ ಸಲ ಅದು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇರುತ್ತಿತ್ತು.

ದಕ್ಷಿಣ ಮಿನಾಸ್ ಸೀಮೆಯ ಅವರ ಊರಿನ ಸುತ್ತ ಗುಡ್ಡವೆಲ್ಲ ಕಾಫಿ, ನಡುವೆ ವಿಶ್ವವಿದ್ಯಾಲಯ. ಜಂದೀರಾ ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಕಾಫಿ ಗೋದಾಮಿನಲ್ಲಿ ಬೀಜ ಆರಿಸಲು ಕೂತವಳು. ಕಪ್ಪಾದದ್ದು, ಹುಳು ಕೊರೆದದ್ದು, ಒಡೆದದ್ದು ಸಿಕ್ಕರೆ ಕಣ್ಣು ನೋಡುವ ಮೊದಲೇ ಅವಳ ಬೆರಳು ಎತ್ತಿ ಎಸೆಯುತ್ತಿತ್ತು. ಅನ್ಸೆಲ್ಮೊಗೆ ಒಳ್ಳೆಯ ಕಾಫಿಯೂ ಒಂದೇ, ಸುಟ್ಟ ನೀರೂ ಒಂದೇ. ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿಯುತ್ತಿದ್ದ. ಆದರೂ ಬೀಜ ಆರಿಸುವ ಯಂತ್ರ ಮಾಡುತ್ತೇನೆಂದು ಹೊರಟವನು ಅವನೇ.

ಮೈಮುರಿದು ದುಡಿದವಳು ಎಡಿಲೇನಿ. ಅವನ ಬಳಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ, ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನ ಮಗಳು. ನಾಲ್ಕು ವರ್ಷದ ವಿದ್ಯಾರ್ಥಿವೇತನ. ಅದು ಮುಗಿಯುವಷ್ಟರಲ್ಲಿ ಪಾಸಾದರೆ ಪಕ್ಕದ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಕಾದಿತ್ತು. ಆಗದಿದ್ದರೆ ಅಪ್ಪನ ಅಂಗಡಿಯಲ್ಲಿ ಟೈರು ಕಾದಿತ್ತು.

ಕಂಪ್ಯೂಟರ್ ಕಲಿಯುವುದು ಕೂಸಿನ ಹಾಗೆ. ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಸಾವಿರಾರು ಫೋಟೊ ತೋರಿಸಬೇಕು. ಮೊದಲು ಬಲ್ಲವರು ಯಾರಾದರೂ ಬೀಜ ಬೇರೆ ಮಾಡಿಕೊಡಬೇಕು.

"ಜಂದೀರಾ, ನಿನ್ ಕೈ ಬೇಕಿತ್ತು," ಎಂದ ಅನ್ಸೆಲ್ಮೊ.

"ಮದ್ವೆ ದಿನಾನೇ ಹಿಡ್ದಾಯ್ತಲ್ಲ. ಇನ್ನೇನ್ ಉಳ್ದಿದೆ?"

ಅಡುಗೆಮನೆಯ ಮೇಜಿನ ಮೇಲೆ ಕ್ಯಾಮೆರಾ ಕೂತಿತು. ಬೆಳಿಗ್ಗೆ ಜಂದೀರಾ ಒಳ್ಳೆಯ ಬೀಜಗಳನ್ನು ಬಿಳಿ ತಟ್ಟೆಗೆ ಹಾಕುತ್ತಿದ್ದಳು, ಎಡಿಲೇನಿ ಫೋಟೊ ತೆಗೆಯುತ್ತಿದ್ದಳು. ಊಟವಾದ ಮೇಲೆ ಕೆಟ್ಟ ಬೀಜ, ನೀಲಿ ತಟ್ಟೆಗೆ. ನೀಲಿಯದು ಅಂಚು ಚಕ್ಕೆ ಎದ್ದ ಹಳೆಯ ತಟ್ಟೆ. ಹುಳು ತಿಂದದ್ದನ್ನು ಒಳ್ಳೆಯ ತಟ್ಟೆಗೆ ಹಾಕಲು ಅವಳಿಗೆ ಮನಸ್ಸಿರಲಿಲ್ಲ. ಗೋದಾಮಿನ ಅಭ್ಯಾಸ ಅದು: ಕೆಟ್ಟದ್ದರ ಪಾತ್ರೆ ಬೇರೆ.

ಒಂದು ದಿನ ಕೇಳಿದಳು, "ಅಲ್ಲಾ, ಹೀಗೆ ಬೇರೆ ಬೇರೆ ತಟ್ಟೆ ಆದ್ರೆ ಪರ್ವಾಗಿಲ್ವಾ?"

"ಕಂಪ್ಯೂಟರಿಗೆ ತಟ್ಟೆ ವಿಷ್ಯ ಏನ್ ಗೊತ್ತು ಮಾರಾಯ್ತಿ?" ಎಂದ ಅನ್ಸೆಲ್ಮೊ. "ಅದು ಬೀಜ ಮಾತ್ರ ನೋಡುತ್ತೆ."

ಪ್ರೊಫೆಸರ್ ಹೇಳಿದ ಮೇಲೆ ಮುಗಿಯಿತು. ಎಡಿಲೇನಿಯೂ ತಲೆಯಾಡಿಸಿದಳು.

ಯಂತ್ರ ನೂರಕ್ಕೆ ತೊಂಬತ್ತೊಂಬತ್ತು ಸರಿ ಹೇಳತೊಡಗಿತು. ಅನ್ಸೆಲ್ಮೊ ಬೇಕರಿಯ ಸರದಿಯಲ್ಲಿ ನಿಂತವರಿಗೆಲ್ಲ ಹೇಳಿಕೊಂಡು ಬಂದ. ಬ್ರೆಡ್ಡು ತರುವುದು ಮರೆತಿದ್ದ.

ಮೌಖಿಕ ಪರೀಕ್ಷೆಯ ದಿನ ಬಂತು. ಪರೀಕ್ಷಕರಿಗೆ ತಿಂಡಿಯ ಮೇಜು ಹಾಕುವುದು ವಿದ್ಯಾರ್ಥಿಯ ಕಡೆಯವರು. ಎಡಿಲೇನಿಗೆ ತಾಯಿ ಇಲ್ಲ, ಅವಳು ದೋನಾ, ಅಂದರೆ ಅಮ್ಮಾವ್ರು, ಎಂದು ಕರೆಯುವ ಜಂದೀರಾಳೇ ನಸುಕಿಗೆ ಎದ್ದು ಚೀಸ್ ಬನ್ನು, ಮೆಕ್ಕೆಜೋಳದ ಕೇಕು ಮಾಡಿದಳು. ಮನೆಯಲ್ಲಿದ್ದ ಅಗಲದ ತಟ್ಟೆ ಎರಡೇ. ಬಿಳಿಯದರಲ್ಲಿ ಬನ್ನು, ನೀಲಿಯದರಲ್ಲಿ ಕೇಕು. ಪರೀಕ್ಷೆಯ ಕೋಣೆಯಲ್ಲಿದ್ದದ್ದು ಒಂದೇ ಮೇಜು. ಒಂದು ತುದಿಗೆ ಕ್ಯಾಮೆರಾ, ಇನ್ನೊಂದು ತುದಿಗೆ ತಿಂಡಿ.

ಪರೀಕ್ಷಕರು ಐದು ಜನ. ಅಲ್ಲಿ ಮಾರ್ಗದರ್ಶಕನೇ ಅಧ್ಯಕ್ಷ, ಹಾಗಾಗಿ ಅನ್ಸೆಲ್ಮೊ. ರಾಜಧಾನಿಯಿಂದ ಬಂದ ಪ್ರೊಫೆಸರ್ ಎರ್ಮೀನಿಯಾ ಎಂದರೆ ವಿದ್ಯಾರ್ಥಿಗಳು ಕಾರಿಡಾರಿನಲ್ಲೇ ದಾರಿ ಬದಲಿಸುತ್ತಿದ್ದರು. ಎಡಿಲೇನಿ ಐವತ್ತು ನಿಮಿಷ ತಪ್ಪಿಲ್ಲದೆ ಮಾತಾಡಿದಳು. ಒಳ್ಳೆಯ ಬೀಜವನ್ನು ಸಣ್ಣ ಬಿಳಿ ಬಟ್ಟಲಲ್ಲಿ, ಕೆಟ್ಟದ್ದನ್ನು ನೀಲಿ ಬಟ್ಟಲಲ್ಲಿ ಇಟ್ಟು ತೋರಿಸಿದಳು. ಗೋಡೆಯ ಪರದೆ ಸರಿಯಾಗಿಯೇ ಹೇಳಿತು. ಹಿಂದಿನ ಸಾಲಿನಲ್ಲಿ ಜಂದೀರಾ ಕೈಕಟ್ಟಿ ಕೂತಿದ್ದಳು. ಕೇಳಲು ಬಂದವರು ಅಲ್ಲಿ ಬಾಯಿ ಬಿಡುವ ಹಾಗಿಲ್ಲ.

ಎರ್ಮೀನಿಯಾ ಅವರಿಗೆ ಹಸಿವಾಗಿತ್ತು. ಬನ್ನಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತಟ್ಟೆ ಕ್ಯಾಮೆರಾದ ಕೆಳಗೆ ಬಂತು. ಗೋಡೆಯ ಮೇಲೆ ದಪ್ಪ ಅಕ್ಷರ ಮೂಡಿತು: ಒಳ್ಳೆಯ ಕಾಫಿ ಬೀಜ, ನೂರಕ್ಕೆ ತೊಂಬತ್ತೊಂಬತ್ತು.

ಬನ್ನು ಬಾಯಲ್ಲಿ ಇದ್ದ ಹಾಗೇ ಅವರು ಗೋಡೆ ನೋಡಿದರು. ಆಮೇಲೆ ಕೇಕಿನ ತಟ್ಟೆ ಎಳೆದರು. ಗೋಡೆ ಹೇಳಿತು: ಕೆಟ್ಟ ಬೀಜ.

"ಕೇಕು ಯಾರ್ ಮಾಡಿದ್ದು?" ಎಂದರು ಎರ್ಮೀನಿಯಾ. "ಹುಳ ಬಿದ್ದಿದ್ಯಂತೆ."

ಕೋಣೆ ನಕ್ಕಿತು. ಎಡಿಲೇನಿ ನಗಲಿಲ್ಲ. ಎರ್ಮೀನಿಯಾ ತಟ್ಟೆಗಳನ್ನು ಬರಿದು ಮಾಡಿ, ಒಂದು ಹಿಡಿ ಬೀಜವನ್ನು ಬಿಳಿಯದಕ್ಕೆ ಹಾಕಿದರು, ಒಳ್ಳೆಯದು. ಅದನ್ನೇ ನೀಲಿಯದಕ್ಕೆ ಸುರಿದರು, ಕೆಟ್ಟದ್ದು. ಮತ್ತೆ ಬಿಳಿ, ಮತ್ತೆ ಒಳ್ಳೆಯದು.

"ಮಗಳೇ, ನಿನ್ ಯಂತ್ರ ನಾಲ್ಕು ವರ್ಷ ಓದಿದ್ದು ಕಾಫಿ ಅಲ್ಲ. ಪಾತ್ರೆ."

ಎಡಿಲೇನಿಯ ಮುಖ ಹಿಂಡಿದ ಬಟ್ಟೆಯಾಯಿತು. ಜಂದೀರಾಳ ನಾಲಿಗೆ ತುದಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಅನ್ಸೆಲ್ಮೊ ಎದ್ದ. ಕನ್ನಡಕಕ್ಕೆ ಜೇಬು ತಡಕಿದ, ಸಿಗಲಿಲ್ಲ, ಹಾಗೇ ಮಾತಾಡಿದ.

"ತಪ್ಪು ಹುಡುಗೀದಲ್ಲ. ಎರಡು ತಟ್ಟೆ ಆದ್ರೆ ಪರ್ವಾಗಿಲ್ವಾ ಅಂತ ನನ್ ಹೆಂಡ್ತಿ ಕೇಳಿದ್ಲು. ಕಂಪ್ಯೂಟರಿಗೆ ತಟ್ಟೆ ವಿಷ್ಯ ಏನ್ ಗೊತ್ತು ಅಂದವನು ನಾನು."

"ನಿಮ್ ಹೆಂಡ್ತಿ ಯಾವ ವಿಭಾಗ?" ಎಂದರು ಎರ್ಮೀನಿಯಾ.

"ನಾಲ್ಕನೇ ತರಗತಿ."

ತೀರ್ಮಾನ ಮಾಡಲು ಪರೀಕ್ಷಕರನ್ನು ಒಳಗೆ ಬಿಟ್ಟು ಉಳಿದವರು ಕಾರಿಡಾರಿಗೆ ಬಂದರು. ಎಡಿಲೇನಿ ಗೋಡೆಗೆ ಒರಗಿದಳು.

"ದೋನಾ ಜಂದೀರಾ, ನಂಗೆ ಟೈರೇ ಗತಿ."

"ಕೇಕ್ ತಿನ್ನು. ಹುಳ ಇಲ್ಲ, ನಾನ್ ನೋಡಿದ್ದೀನಿ."

ಅಳುತ್ತಲೇ ಎರಡು ತುಂಡು ತಿಂದಳು.

ಬಾಗಿಲು ತೆರೆಯಿತು. ಎಲ್ಲರೂ ಎದ್ದು ನಿಂತರು. ನಡಾವಳಿ ಓದುವುದು ಅಧ್ಯಕ್ಷರು, ಆದ್ದರಿಂದ ತನ್ನ ಮಾನ ಹೋದದ್ದನ್ನು ಅನ್ಸೆಲ್ಮೊನೇ ಗಟ್ಟಿಯಾಗಿ ಓದಿದ. ಅಭ್ಯರ್ಥಿ ತಿದ್ದುಪಡಿಯ ಮೇಲೆ ಉತ್ತೀರ್ಣ. ಫೋಟೊಗಳನ್ನೆಲ್ಲ ತೊಂಬತ್ತು ದಿನದಲ್ಲಿ ಒಂದೇ ಬಟ್ಟೆಯ ಮೇಲೆ ಹೊಸದಾಗಿ ತೆಗೆಯತಕ್ಕದ್ದು. ಮಾರ್ಗದರ್ಶಕರು ಮನೆಯವರ ಮಾತು ಕೇಳತಕ್ಕದ್ದು. ಕೊನೆಯ ಸಾಲು ಎರ್ಮೀನಿಯಾ ಅವರದು. ತೆಗೆಯಲು ಅವರು ಬಿಡಲಿಲ್ಲ.

ತೊಂಬತ್ತು ದಿನ ಆ ಮನೆಯಲ್ಲಿ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಮೇಜಿನ ಮೇಲೆ ಬೂದು ಬಟ್ಟೆ, ಬೀಜ, ಕ್ಯಾಮೆರಾ. ಯಂತ್ರ ಎಂಬತ್ತನಾಲ್ಕಕ್ಕೆ ಇಳಿಯಿತು. ಅವೇ ಬೀಜಗಳನ್ನು ಮತ್ತೆ ಕಲಸಿ ಜಂದೀರಾಳ ಮುಂದೆ ಸುರಿದರೆ ಅವಳದು ತೊಂಬತ್ತೇಳು.

"ಆ ಮೂರು ಎಲ್ಲೋಯ್ತು?" ಎಂದ ಅನ್ಸೆಲ್ಮೊ.

"ನೀನ್ ದೀಪಕ್ಕೆ ಅಡ್ಡ ನಿಂತಿದ್ದೆ."

ಎಡಿಲೇನಿಗೆ ಪದವಿ ಬಂತು, ಕೆಲಸವೂ ಸಿಕ್ಕಿತು. ಅನ್ಸೆಲ್ಮೊ ಆ ಸಂಶೋಧನೆಯ ಲೇಖನ ಪ್ರಕಟಿಸಿದಾಗ ಬರೆದವರ ಸಾಲಿನಲ್ಲಿ ಮೂರನೆಯ ಹೆಸರು ಜಂದೀರಾಳದು. ಅವಳು ಬೇಡವೆಂದಳು. ನಡಾವಳಿಯಲ್ಲಿ ಇರುವ ಮಾತನ್ನು ಇದೊಂದು ಸಲ ಮೀರುತ್ತೇನೆ ಎಂದ. ಅವಳಿಗೊಂದು ಇಮೇಲ್ ವಿಳಾಸವನ್ನೂ ಮಾಡಿಕೊಟ್ಟ.

ಮರುವರ್ಷ ಜೂನ್ ತಿಂಗಳಲ್ಲಿ ಅವನ ಎದೆಬಡಿತ ನಿಂತಿತು. ಮಂಗಳವಾರ, ಬೆಳಗಿನ ಕಾಫಿಗೆ ಮುಂಚೆ. ಕನ್ನಡಕ ಎಂಟು ದಿನವಾದ ಮೇಲೆ ಸಿಕ್ಕಿತು. ಅಕ್ಕಿ ಡಬ್ಬಿಯಲ್ಲಿತ್ತು. ಅವಳು ಅದನ್ನು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟಳು. ಈಗಲೂ ಅಲ್ಲೇ ಇದೆ.

ಇಮೇಲ್‌ಗಳು ಬರುತ್ತಲೇ ಇವೆ. ಯಾವುದೋ ದೇಶದ ಸಮ್ಮೇಳನಕ್ಕೆ ಮಾನ್ಯ ಪ್ರೊಫೆಸರ್ ಡಾಕ್ಟರ್ ಜಂದೀರಾ ಬಂದು ಭಾಷಣ ಮಾಡಬೇಕಂತೆ, ಶುಲ್ಕ ಅವಳೇ ಕಟ್ಟಬೇಕಂತೆ. ಅವಳು ಎಲ್ಲೂ ಹೋಗುವುದಿಲ್ಲ.

ಎಡಿಲೇನಿಯ ತರಗತಿಗೆ ಮಾತ್ರ ಹೋಗುತ್ತಾಳೆ. ಹೊಸ ಮಕ್ಕಳು ಸೇರಿದ ಮೊದಲ ದಿನ ಎಡಿಲೇನಿಯೇ ಕಾರು ತಂದು ಕರೆದೊಯ್ಯುತ್ತಾಳೆ. ಜಂದೀರಾ ಎರಡು ತಟ್ಟೆಗಳನ್ನು ಮೇಜಿನ ಮೇಲಿಡುತ್ತಾಳೆ. ಎಡಿಲೇನಿ ಹಳೆಯ ಯಂತ್ರ ಹಚ್ಚುತ್ತಾಳೆ. ಬನ್ನು ಒಳ್ಳೆಯ ಬೀಜವಾಗುತ್ತದೆ, ಕೇಕು ಕೆಟ್ಟ ಬೀಜವಾಗುತ್ತದೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

"ನೀವೂ ಒಂದ್ ಮಾತ್ ಹೇಳಿ ದೋನಾ ಜಂದೀರಾ," ಎನ್ನುತ್ತಾಳೆ ಎಡಿಲೇನಿ.

"ನಾನು ಕೇಳಿದ್ದೆ," ಎನ್ನುತ್ತಾಳೆ ಜಂದೀರಾ. "ಅವನು ಪ್ರೊಫೆಸರು, ಕಿವಿಗೆ ಹಾಕ್ಕೊಳ್ಲಿಲ್ಲ. ಆಮೇಲೆ ಎಲ್ಲರೆದುರು ಎದ್ದು ಒಪ್ಕೊಂಡ."

ಅಷ್ಟು ಹೇಳಿ ಮಕ್ಕಳಿಗೆ ತಿಂಡಿ ಹಂಚುತ್ತಾಳೆ. ಆಮೇಲೆ ಎರಡೂ ತಟ್ಟೆ ಒರೆಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬರುತ್ತಾಳೆ.