ಬೀಗತಿ ಬಡಿಸಿದ ಹೋಳಿಗೆ

ಆ ಮಾತನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಮಗಳಿಗೆ ಮೂರು ತಿಂಗಳು ಎಂದು ಗೊತ್ತಾದ ವಾರ ಬಸವಕಲ್ಯಾಣದಲ್ಲಿ ಬಸ್ಸು ಹತ್ತಿ ಹುಮನಾಬಾದಿಗೆ, ಅವಳ ಅತ್ತೆಮನೆಗೆ ಹೋಗಿದ್ದೆ. ಮದುವೆಯಾಗಿ ಏಳು ವರ್ಷಕ್ಕೆ ನಿಂತ ಬಸಿರು. ಕುಬಸದ ಮಾತು ತೆಗೆದೆ. ಏಳನೇ ತಿಂಗಳಲ್ಲಿ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ ಹೊಸ ಕುಬಸ ತೊಡಿಸುವುದು ನಮ್ಮ ಕಡೆಯ ಪದ್ಧತಿ. ನಾನಂತೂ ಮೂವತ್ತು ವರ್ಷದಿಂದ ಊರಿನ ಹೆಂಗಸರ ಕುಬಸ ಹೊಲಿದೇ ಹೊಟ್ಟೆ ಹೊರೆದವಳು. ಮಗಳದ್ದನ್ನೂ ನಾನೇ ಹೊಲಿಯುತ್ತೇನೆ ಅಂದೆ.

ಬೀಗತಿ, ಅಂದರೆ ಮಗಳ ಅತ್ತೆ, ನನ್ನ ತಾಟಿಗೆ ಎರಡನೇ ಹೋಳಿಗೆ ಹಾಕಿ ತುಪ್ಪ ಸುರಿಯುತ್ತ ಹೇಳಿದಳು:

"ನೀವ್ಯಾಕ ತ್ರಾಸ ತಗೋತೀರಿ? ನಿಮಗ ಕಣ್ಣು ಕಾಣಂಗಿಲ್ಲ. ಒಂದು ತೋಳು ಮ್ಯಾಲ, ಒಂದು ಕೆಳಗ ಆದ್ರ ಮಂದಿ ನಗ್ತಾರ. ಇಲ್ಲೇ ಪ್ಯಾಟ್ಯಾಗ ಹೊಲಿಸ್ತೇವ್ರಿ."

ಪಕ್ಕದಲ್ಲಿ ಕೂತಿದ್ದ ಅವಳ ನೆಗೆಣ್ಣಿಯರು, ಅಂದರೆ ಮೈದುನರ ಹೆಂಡಂದಿರು, ಕಿಸಕ್ಕನೆ ನಕ್ಕರು. ನಾನು ಹೋಳಿಗೆ ತಿಂದೆ. ಬೇಡ ಅಂದರೆ "ನಮ್ಮ ಮನಿ ಊಟ ನಿಮಗ ಸೇರಂಗಿಲ್ಲೇನು" ಎಂಬ ಚುಚ್ಚುಮಾತನ್ನು ನಾನು ಹೋದ ಮೇಲೆ ಮಗಳು ಕೇಳಬೇಕು. ಹೆಣ್ಣು ಕೊಟ್ಟವರು ಆ ಮನೆಯಲ್ಲಿ ಬಾಯಿ ತೆರೆಯುವುದು ಉಣ್ಣುವುದಕ್ಕೆ ಮಾತ್ರ.

ಅವಳು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ವರ್ಷದಿಂದ ಎಲ್ಲ ಮಂಜು ಮಂಜು. ಸೂಜಿಗೆ ದಾರ ಪೋಣಿಸಿಕೊಡಿ ಎಂದು ಬಂದ ಗಿರಾಕಿಗಳನ್ನೇ ಬೇಡುತ್ತಿದ್ದೆ. ಅವತ್ತೇ, ಆ ಊರಲ್ಲೇ, ಕಣ್ಣಿನ ಡಾಕ್ಟರ ಹತ್ತಿರ ಹೋದೆ.

"ಮೋತಿಬಿಂದು ಬಂದದವ್ವ, ಕಣ್ಣಿಗೆ ಪೊರಿ. ತೆಗೀಬಹುದು," ಅಂದರು ಅವರು. "ಆದ್ರ ನಿಮ್ಮ ಸಕ್ರಿ ಮುನ್ನೂರ ನಲವತ್ತು ಅದ. ಇಷ್ಟಿದ್ರ ನಾ ಕೈ ಹಚ್ಚಂಗಿಲ್ಲ. ಇಳಿಸ್ಕೊಂಡು ಬರ್ರಿ."

ಆಪರೇಷನ್ ಆದ ಮೇಲೆ ಒಂದು ತಿಂಗಳು ಹೊಲಿಗೆ ಮಷಿನ್ ಮುಟ್ಟುವಂತಿಲ್ಲವಂತೆ. ಬಸ್ಸಿನಲ್ಲಿ ಬೆರಳು ಮಡಿಚಿ ಲೆಕ್ಕ ಹಾಕಿದೆ. ಕುಬಸ ನನ್ನ ಕೈಯಿಂದಲೇ ಆಗಬೇಕಾದರೆ ಸಕ್ಕರೆ ಇಳಿಸಲು ಎರಡು ತಿಂಗಳಿದೆ. ಹತ್ತು ವರ್ಷದಲ್ಲಿ ಇಳಿಯದ ಸಕ್ಕರೆ!

ಯಾಕೆ ಇಳಿಯುವುದಿಲ್ಲ ಎಂಬುದರ ಬಗ್ಗೆ ನನಗೆ ಸಂಶಯವೇ ಇರಲಿಲ್ಲ. ನನ್ನ ಕಣ್ಣು ತಿಂದದ್ದು ಈ ಹೆಂಗಸಿನ ಹೋಳಿಗೆ, ಈ ಹೆಂಗಸಿನ ತುಪ್ಪ. ಬೆರಳು ಚುಚ್ಚಿ ಸಕ್ಕರೆ ನೋಡುವ ಮಷಿನ್ ಒಂದನ್ನು ಕೊಂಡೆ. ನಿಜ ಹೇಳುತ್ತೇನೆ, ಕೊಂಡದ್ದು ಔಷಧೋಪಚಾರಕ್ಕಲ್ಲ, ಸಾಕ್ಷಿಗೆ. ಮುಂದಿನ ಹಬ್ಬಕ್ಕೆ ಹೋದಾಗ ಕೊಟ್ಟಷ್ಟು ಹೋಳಿಗೆ ಸುಮ್ಮನೆ ತಿಂದೆ. ಎರಡು ತಾಸು ಕಾದು, ಎಲ್ಲರೂ ಚಹಾಕ್ಕೆ ಕೂತಾಗ ನಡುಮನೆಯಲ್ಲೇ ಬೆರಳು ಚುಚ್ಚಿಕೊಂಡೆ. ಮುನ್ನೂರ ಎಂಬತ್ತು. ಮಷಿನನ್ನು ಬೀಗತಿಯ ಮುಂದೆ ಹಿಡಿದೆ.

"ನೋಡ್ರಿ ಅಕ್ಕಾರ. ಇದು ನಿಮ್ಮ ಪ್ರೀತಿ."

ಮಗಳ ಮುಖ ಸಣ್ಣದಾಯಿತು. ಬೀಗತಿ ಕಪ್ಪು ಕೆಳಗಿಟ್ಟಳು, ಸೆರಗು ಸರಿಮಾಡಿಕೊಂಡಳು.

"ನಮ್ಮ ಮನಿಗೆ ವರ್ಷಕ್ಕ ಎಷ್ಟು ಸಲ ಬರ್ತೀರಿ?"

"ನಾಕು ಸಲ."

"ಉಳಿದ ದಿನ ನಿಮಗ ಯಾರು ಉಣಸ್ತಾರ?"

ಮಷಿನನ್ನು ಚೀಲಕ್ಕೆ ತುರುಕಿದೆ. ನೆಗೆಣ್ಣಿಯರು ಮತ್ತೆ ನಕ್ಕರು.

ಈ ಹೆಂಗಸು ಸುಳ್ಳಿ ಎಂದು ತೋರಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಅಂದುಕೊಂಡೆ. ಒಂದು ವಾರ ನನ್ನ ಮನೆಯಲ್ಲೇ ಉಂಡು ದಿನವೂ ಚುಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು, ಆಮೇಲೆ ಆ ಕ್ಯಾಲೆಂಡರನ್ನು ಅವಳ ಮುಖಕ್ಕೆ ಎಸೆಯುವುದು. ರವಿವಾರ ಇನ್ನೂರ ನಲವತ್ತು. ಸೋಮವಾರ ಸಂಜೆ ನಾನೂರ ಹತ್ತು. ಮಷಿನ್ ಕೆಟ್ಟಿದೆ ಎಂದು ಕೈ ತೊಳೆದು ಮತ್ತೆ ಚುಚ್ಚಿದೆ. ನಾನೂರ ಆರು. ಗುರುವಾರ ಮತ್ತೆ ಅದೇ ಹಾಡು.

ಸೋಮವಾರ, ಗುರುವಾರ ನನ್ನ ಉಪವಾಸ. ಮಗಳ ಮಡಿಲು ತುಂಬಲಿ ಎಂದು ಏಳು ವರ್ಷದಿಂದ ಹಿಡಿದದ್ದು. ಉಪವಾಸ ಎಂದರೆ ಬೆಳಿಗ್ಗೆ ಶೇಂಗಾ ಹಾಕಿದ ಸಾಬೂದಾನಿ ಖಿಚಡಿ, ಮಧ್ಯಾಹ್ನ ಎರಡು ಬಾಳೆಹಣ್ಣು, ನಡುನಡುವೆ ಬೆಲ್ಲದ ಚಹಾ. ಸಕ್ಕರೆ ಬಿಟ್ಟಿದ್ದೇನೆ ನೋಡಿ, ಬೆಲ್ಲ ಏನೂ ಮಾಡುವುದಿಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ನಾನು. ಹೊಟ್ಟೆ ಖಾಲಿ ಇದೆಯಲ್ಲ ಎಂದು ಆ ದಿನ ಗುಳಿಗೆಗೂ ರಜೆ. ಉಪವಾಸ ಬಿಡುವುದು ಬೆಲ್ಲ ಹಾಕಿದ ಗೋಧಿ ಹುಗ್ಗಿಯಿಂದ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹೊಡೆಯಲು ಹೋದರಂತೆ. ಕ್ಯಾಲೆಂಡರ್ ಎಸೆಯಬೇಕಾದದ್ದು ಯಾರ ಮುಖಕ್ಕೆ ಎಂದು ತಿಳಿದು ನನಗೆ ಅಳುವೇ ಬಂತು.

ನಮ್ಮೂರ ಡಾಕ್ಟರಿಗೆ ಹೇಳಿದೆ. "ಇದಕ್ಕ ಉಪವಾಸ ಅಂತೀರೇನವ್ವ?" ಎಂದು ಅವರು ಪೆನ್ನು ಕೆಳಗಿಟ್ಟರು. "ರೊಟ್ಟಿ ಎರಡ ಸಾಕು, ಪಲ್ಯ ಜಾಸ್ತಿ ಉಣ್ರಿ. ಬೆಲ್ಲನೂ ಸಕ್ರಿನೇ. ನನ್ನ ಕೇಳದ ಒಂದು ಗುಳಿಗಿನೂ ಬಿಡಬ್ಯಾಡ್ರಿ."

ಹೇಳುವುದು ಸುಲಭ. ಏಳು ವರ್ಷ ಬೇಡಿ ಪಡೆದ ಕೂಸು ಹೊಟ್ಟೆಯಲ್ಲಿರುವಾಗ ಹರಕೆ ಮುರಿಯುವುದೇ? ಏನಾದರೂ ಹೆಚ್ಚುಕಡಿಮೆಯಾದರೆ? ಆ ಸೋಮವಾರ ದೇವರ ಪಟದ ಮುಂದೆ ಕೂತು ಜಗಳಕ್ಕೇ ಬಿದ್ದೆ. "ಯಪ್ಪಾ ಶಿವನ, ಬಸಿರು ಕೊಟ್ಟಾಂವ ನೀನೋ, ಸಾಬೂದಾನಿಯೋ? ನೀನಾದ್ರ ಸುಮ್ಮನಿರು." ಎದ್ದು ಎರಡು ಜೋಳದ ರೊಟ್ಟಿ, ಮೆಂತ್ಯ ಪಲ್ಯ ಉಂಡೆ. ಪ್ರತಿ ತುತ್ತಿಗೂ ಪಟದ ಕಡೆ ನೋಡಿದೆ. ಗುಳಿಗೆ ನುಂಗಿದೆ. ಸಂಜೆ ಮಗಳಿಗೆ ಫೋನು ಮಾಡಿ "ಆರಾಮ ಇದ್ದೀಯೇನವ್ವ" ಅಂದೆ. ಕಾರಣ ಹೇಳಲಿಲ್ಲ. ಹಾಗೆ ಪ್ರತಿ ಸೋಮವಾರ, ಪ್ರತಿ ಗುರುವಾರ. ಏಳನೆಯ ಸೋಮವಾರ ಅವಳೇ ಫೋನು ಮಾಡಿದಳು. "ಅವ್ವಾ, ಇವತ್ತ ಒದ್ಯಾಕತ್ತದ!" ನಾನು ಹೊಲಿಗೆ ಮಷಿನ್ ಮೇಲೆ ತಲೆಯಿಟ್ಟು ಅತ್ತೆ.

ಬೀಗತಿಯ ಮೇಲಿನ ಸಿಟ್ಟು ಇಳಿಯಿತೇ? ಥೂ, ಎಲ್ಲಿಯ ಮಾತು! ಅವಳ ಮಾತು ನಿಜವಾದದ್ದಕ್ಕೆ ಇನ್ನೂ ಏರಿತು. ಬೆಳಿಗ್ಗೆ ಎದ್ದು ಕೋಟೆಯ ತನಕ ನಡೆದು ಬರುವಾಗ ಹೆಜ್ಜೆಹೆಜ್ಜೆಗೂ ಅವಳನ್ನು ಬೈದೆ. ಸಾಕು ಅನ್ನಿಸಿದಾಗ ಆ ನೆಗೆಣ್ಣಿಯರ ನಗು ನೆನಪಿಗೆ ಬರುತ್ತಿತ್ತು, ಇನ್ನೊಂದು ಸುತ್ತು ಹಾಕುತ್ತಿದ್ದೆ. ಎರಡು ತಿಂಗಳಾಗುವಷ್ಟರಲ್ಲಿ ನೂರ ಐವತ್ತರ ಹತ್ತಿರ ಬಂದೆ. ಕಣ್ಣಿನ ಡಾಕ್ಟರು ಚೀಟಿ ನೋಡಿ, ನನ್ನನ್ನು ನೋಡಿ, ಆಪರೇಷನ್‌ಗೆ ದಿನ ಕೊಟ್ಟರು.

ಪಟ್ಟಿ ಬಿಚ್ಚಿ ತಿಂಗಳು ಕಳೆದ ಮೇಲೆ ಸೂಜಿ ಹಿಡಿದೆ. ದಾರ ಒಂದೇ ಸಲಕ್ಕೆ ಹೋಯಿತು. ತೋಳಿನ ಅಂಚನ್ನು ಮಷಿನಿಗೆ ಕೊಡದೆ ಕೈಯಲ್ಲೇ ಹೊಲಿದೆ, ಸಾಸಿವೆಗಿಂತ ಸಣ್ಣ ಹೊಲಿಗೆ. ಪ್ರತಿ ಹೊಲಿಗೆಗೂ ಬೀಗತಿಯ ಹೆಸರು.

ಕುಬಸದ ದಿನ ಹೆಂಗಸರೆಲ್ಲ ಸೇರಿದ್ದಾಗ ಅದನ್ನು ಅವಳ ಕೈಗೇ ಕೊಟ್ಟೆ. "ತೋಳು ಸರಿ ಅದಾವೇನು ನೋಡ್ರಿ ಅಕ್ಕಾರ."

ಅವಳು ಮಡಿಕೆ ಬಿಚ್ಚಿದಳು. ಹತ್ತಿರ ತಂದಳು, ದೂರ ಹಿಡಿದಳು, ಬಾಗಿಲ ಬೆಳಕಿಗೆ ಓರೆ ಮಾಡಿದಳು. ಬೆರಳಿನಿಂದ ಅಂಚು ಸವರಿದಳು. "ಭಾಳ ಚಂದ ಅದ," ಅಂದಳು. ಕುಬಸ ಅವಳ ಕೈಯಲ್ಲಿ ಒಳಮೈ ಹೊರಗಾಗಿ ನಿಂತಿತ್ತು.

ಆ ಹತ್ತಿರ, ಆ ದೂರ, ಆ ಓರೆ, ಕಣ್ಣು ಮಂಜಾದ ವರ್ಷವಿಡೀ ನಾನೇ ಮಾಡಿದ ಕೆಲಸ. ಅಷ್ಟೂ ಮಂದಿಯ ಮುಂದೆ ಒಂದು ಮಾತು ಆಡಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕುಬಸವನ್ನು ಮೆಲ್ಲಗೆ ತೆಗೆದುಕೊಂಡು, ಸರಿಮಾಡಿ, ಮಗಳಿಗೆ ತೊಡಿಸಿದೆ.

ಊಟಕ್ಕೆ ಮೊದಲು ಅವಳನ್ನು ಅಡುಗೆಮನೆಗೆ ಕರೆದು ಚೀಲದಿಂದ ಸಕ್ಕರೆ ನೋಡುವ ಮಷಿನ್ ತೆಗೆದೆ. ಬೆರಳು ಕೊಡ್ರಿ ಅಂದೆ. ನನಗ್ಯಾಕ, ನನಗೇನಾಗ್ಯದ ಎಂದು ಅವಳು ಕೈಯನ್ನು ಸೆರಗಿನಲ್ಲಿ ಮುಚ್ಚಿದಳು.

"ಈ ಮನ್ಯಾಗ ನಾ ವರ್ಷಕ್ಕ ನಾಕು ಸಲ ಉಣ್ಣತೀನಿ," ಅಂದೆ. "ನೀವು ಎಷ್ಟು ಸಲ ಉಣ್ಣತೀರಿ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿ ಕೈಯನ್ನು ಸೆರಗಿನಿಂದ ತೆಗೆದಳು. ಆಮೇಲೆ ಬೆರಳು ಚಾಚಿದಳು. ಬೇಕಾದ್ದಕ್ಕಿಂತ ಒಂಚೂರು ಜೋರಾಗಿಯೇ ಚುಚ್ಚಿದೆ.